ನಮ್ಮವರು ಜಪಾನಿನಲ್ಲಿ ರೈಲು ಓಡಿಸಿದ್ದು

ಅದಿಯಮಾನ್‌ಕೋಟೆ

ನಮ್ಮ ಮನೆ ಹೆದ್ದಾರಿಗೆ ಅಂಟಿಕೊಂಡಂತೆ ಇದೆ. ಸೇಲಂಗೆ ಹೋಗುವ ಬಸ್ಸುಗಳೆಲ್ಲ ನಮ್ಮ ಜಗುಲಿಯ ಮುಂದೆಯೇ ಗೇರು ಬದಲಾಯಿಸುತ್ತವೆ. ನಮ್ಮವರು, ಅಂದರೆ ನನ್ನ ಗಂಡ ನಂಜಪ್ಪನವರು, ತಮಿಳುನಾಡು ಸರ್ಕಾರಿ ಬಸ್ಸಿನ ಡ್ರೈವರಾಗಿದ್ದು ನಿವೃತ್ತರಾದವರು. ಸೇಲಂ–ಪಾಲಕೋಡ್ ದಾರಿಯಲ್ಲಿ ತೊಪ್ಪೂರು ಘಾಟಿ ಹತ್ತಿ ಇಳಿದೇ ತಲೆ ನರೆಸಿಕೊಂಡವರು. ಈಗಲೂ ಬೆಳಗ್ಗೆ ಕಾಫಿ ಲೋಟ ಹಿಡಿದು ಜಗುಲಿಯಲ್ಲಿ ಕೂತರೆ, ಸದ್ದು ಕೇಳಿಯೇ ಅದು ಯಾವ ಡಿಪೋದ ಗಾಡಿ, ಓಡಿಸುವವನು ಕ್ಲಚ್ಚನ್ನು ಹೇಗೆ ಸಾಯಿಸುತ್ತಿದ್ದಾನೆ ಎಂದು ನನಗೆ ವರದಿ ಒಪ್ಪಿಸುತ್ತಾರೆ.

ನಾನು ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದವಳು. ಕನ್ನಡ ಶಾಲೆಯಲ್ಲಿ ಓದಿದವಳು. ಇಲ್ಲಿ ನಮ್ಮವರೆಲ್ಲ ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ, ಆದರೆ ಓದಲು ಯಾರಿಗೂ ಬರುವುದಿಲ್ಲ. ಹಾಗಾಗಿ ನಾನು ಏನು ಬರೆದರೂ ಮನೆಯವರಿಗೆ ತಿಳಿಯುವುದಿಲ್ಲ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮಗಳು ಸುಮತಿ ಸೇಲಂನಲ್ಲಿ ನರ್ಸಿಂಗ್ ಓದಿ, ಧರ್ಮಪುರಿಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ನಾಲ್ಕು ವರ್ಷದ ಹಿಂದೆ ಜಪಾನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು ಎಂದು ಹೊರಟು ನಿಂತಳು. ಜಪಾನೀ ಭಾಷೆಯನ್ನೂ ಗುಟ್ಟಾಗಿ ಕಲಿತುಬಿಟ್ಟಿದ್ದಳು. ನಮ್ಮವರಿಗೆ ಸಿಟ್ಟು ಬಂದದ್ದು ಹೋಗುವುದಕ್ಕೋ, ಗುಟ್ಟಿಗೋ ನನಗೆ ಇವತ್ತಿಗೂ ಗೊತ್ತಿಲ್ಲ. "ಓಗೋದಾದ್ರೆ ನನ್ ಜೊತೆ ಮಾತಾಡ್ಬೇಡ" ಎಂದರು. ಅವಳು ಹೋದಳು, ಮಾತನ್ನೂ ಬಿಟ್ಟಳು. ಅಪ್ಪನ ಮೂಗು, ಅಪ್ಪನ ಹಠ.

ಅಂದಿನಿಂದ ಅವರಿಬ್ಬರ ನಡುವಿನ ಕಂಡಕ್ಟರ್ ನಾನೇ. ಫೋನ್ ಬಂದರೆ ಸ್ಪೀಕರ್ ಹಾಕಬೇಕು. ಅವರು "ಅವಳ್ದು ಊಟ ಆಯ್ತಾ ಕೇಳು" ಅನ್ನುತ್ತಾರೆ. ಆ ಮಾತು ಜಪಾನಿಗೆ ಚೆನ್ನಾಗಿಯೇ ಕೇಳಿಸಿರುತ್ತದೆ. ಆದರೂ ನಾನು "ಊಟ ಆಯ್ತೇನಮ್ಮ" ಎಂದು ಕೇಳುವವರೆಗೆ ಅವಳು ಕಾಯುತ್ತಾಳೆ. "ಆಯ್ತಮ್ಮ. ಅಪ್ಪ ಮಾತ್ರೆ ತಗೊಂಡ್ರಾ ಕೇಳು" ಅನ್ನುತ್ತಾಳೆ. ಪಕ್ಕದಲ್ಲೇ ಕೂತ ಇವರು ನನ್ನ ಬಾಯಿ ನೋಡುತ್ತಾರೆ. ನನ್ನ ಬಾಯಿಂದ ಇಳಿದ ಮೇಲೇ ಮಾತು ಮಾತಾಗುವುದು.

ಈ ವರ್ಷ ಅವಳು ನನ್ನನ್ನು ಬಂದು ಹೋಗೆಂದು ಕರೆದಳು. ನಾನೊಬ್ಬಳೇ ಹೊರಡುವ ಏರ್ಪಾಡಾಗಿತ್ತು. ಕೊನೆಗೆ ಇವರು, ನಿನಗೆ ನಡುದಾರಿಯಲ್ಲಿ ವಿಮಾನ ಬದಲಾಯಿಸಲು ಬರುವುದಿಲ್ಲ, ನಾನೂ ಬರುತ್ತೇನೆ, ಆದರೆ ಅಲ್ಲಿನ ರೋಡು ನೋಡುವುದಕ್ಕೆ ಮಾತ್ರ ಎಂದು ಷರತ್ತು ಹಾಕಿ ಹೊಸ ಚಪ್ಪಲಿ ಕೊಂಡರು.

ಆಕಾಶದಲ್ಲಿ

ವಿಮಾನದಲ್ಲಿ ಇವರು ಪ್ರಯಾಣಿಕರಾಗಿ ಕೂರಲೇ ಇಲ್ಲ. ವಿಮಾನ ಕುಲುಕಿದಾಗಲೆಲ್ಲ ಬಲಗಾಲಿನಲ್ಲಿ ಮುಂದಿನ ಸೀಟಿನ ಕೆಳಗೆ ಬ್ರೇಕ್ ಒತ್ತುತ್ತಿದ್ದರು. ಅಲ್ಲಿ ಕೂತಿದ್ದ ಹೆಂಗಸು ಒಮ್ಮೆ ತಿರುಗಿ ನೋಡಿದರು, ಎರಡನೆಯ ಸಲ ಎದ್ದು ಬೇರೆ ಕಡೆ ಹೋಗಿ ಕೂತರು. ಬ್ಯಾಂಕಾಕಿನಲ್ಲಿ ವಿಮಾನ ಬದಲಾಯಿಸುವಾಗ ದಾರಿ ತಪ್ಪಿದವರು ಇವರು, ಹುಡುಕಿ ತಂದವಳು ನಾನು. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಎರಡನೆಯ ವಿಮಾನದಲ್ಲಿ ಒಂದು ಅನಾಹುತವಾಯಿತು. ಓದುವ ಕನ್ನಡಕವನ್ನು ಸೀಟಿನ ಮೇಲಿಟ್ಟು ಬಾತ್‌ರೂಮಿಗೆ ಹೋದವರು, ಬಂದು ಅದರ ಮೇಲೇ ಕೂತರು. ಅವರಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ. ಆಪರೇಷನ್ ಆದ ಮೇಲಂತೂ ಹದ್ದಿನ ಕಣ್ಣು. ಆದರೆ ಹತ್ತಿರದ ಸಣ್ಣ ಅಕ್ಷರ ಕನ್ನಡಕವಿಲ್ಲದೆ ಇರುವೆ ಸಾಲಿನ ಹಾಗೆ ಕಾಣುತ್ತದಂತೆ. ರೋಡು ನೋಡುವುದಕ್ಕೆ ಕನ್ನಡಕ ಯಾಕೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಒಸಾಕಾದಲ್ಲಿ ಇಳಿದಾಗ ನನ್ನ ಚೀಲದಲ್ಲಿದ್ದ ರಾಗಿಹಿಟ್ಟನ್ನು ಒಬ್ಬ ಅಧಿಕಾರಿ ತೆಗೆದು ಮೂಸಿ ನೋಡಿದ. ಅದು ಏನೆಂದು ಹೇಳಲು ನನಗೆ ಭಾಷೆ ಇಲ್ಲ. ಅಲ್ಲೇ ನಿಂತು, ಗಾಳಿಯಲ್ಲೊಂದು ಪಾತ್ರೆ ಇಟ್ಟು, ಎರಡು ಕಾಲಲ್ಲಿ ಅದನ್ನು ಅಮುಕಿ ಹಿಡಿದು, ಕೋಲಿನಲ್ಲಿ ತಿರುವಿ, ಮುದ್ದೆ ಕಟ್ಟಿ, ನುಂಗಿ ತೋರಿಸಿದೆ. ಆತ ಬಹಳ ಗಂಭೀರವಾಗಿ ನೋಡಿ, ಬಗ್ಗಿ ನಮಸ್ಕರಿಸಿ, ಚೀಲ ಕಟ್ಟಿಕೊಟ್ಟ. ಇವರು ಮಾತ್ರ ಪರಿಚಯವೇ ಇಲ್ಲದವರ ಹಾಗೆ ದೂರ ನಿಂತಿದ್ದರು.

ಸಾಕಾಯ್

ಮಗಳಿರುವ ಊರಿನ ಹೆಸರು ಸಾಕಾಯ್. ನಿಜವಾಗಿಯೂ ಅದೇ ಹೆಸರು. ವಿಮಾನ ನಿಲ್ದಾಣಕ್ಕೆ ಬಂದಿದ್ದ ಸುಮತಿ ನನ್ನನ್ನು ತಬ್ಬಿಕೊಂಡಳು, ಅಪ್ಪನ ಕಾಲು ಮುಟ್ಟಿದಳು, ಇವರು ಅವಳ ತಲೆ ಮುಟ್ಟಿದರು. ಕೈಗಳ ಮಟ್ಟಿಗೆ ಏನೂ ಜಗಳವಿರಲಿಲ್ಲ. ಬಾಯಿಯ ಸರದಿ ಬಂದಾಗ ಮತ್ತೆ ನನ್ನ ಡ್ಯೂಟಿ ಶುರುವಾಯಿತು. ಯಾವ ಊರಿಗೆ ಹೋಗುವುದು ಕೇಳು ಅಂದರು. ಸಾಕಾಯ್ ಅಂದಳು. "ಇನ್ನೂ ಬಂದು ಇಳಿದಿಲ್ಲ, ಆಗ್ಲೇ ಸಾಕಾಯ್ತಾ ಕೇಳು" ಅಂದರು. ಅವಳು ನಗು ಬಂದರೂ ತುಟಿ ಕಚ್ಚಿ, ನಾನು ತಲುಪಿಸುವವರೆಗೆ ಕಾದು, ಆಮೇಲೆ ನಕ್ಕಳು.

ರೈಲಿನಲ್ಲಿ ಇವರು ಸೀಟು ಬಿಟ್ಟು ಮುಂದೆ ಹೋಗಿ, ಡ್ರೈವರ್ ಕೋಣೆಯ ಗಾಜಿಗೆ ಮೂಗು ಒತ್ತಿ ನಿಂತರು. ಒಳಗೆ ಬಿಳಿ ಕೈಗವಸು ಹಾಕಿದ ಡ್ರೈವರ್ ಸಿಗ್ನಲ್ ಬಂದಾಗಲೆಲ್ಲ ಅದರತ್ತ ಬೆರಳು ತೋರಿಸಿ ಏನೋ ಹೇಳುತ್ತಿದ್ದ. ಯಾರೂ ಇಲ್ಲದೆ ಯಾರೊಡನೆ ಮಾತಾಡುತ್ತಾನೆ ಎಂದು ಇವರಿಗೆ ಗಾಬರಿ. ಕಣ್ಣು ನೋಡಿದ್ದನ್ನು ಬಾಯಿ ಹೇಳಿದರೆ ತಪ್ಪಾಗುವುದಿಲ್ಲ, ಅದು ಇಲ್ಲಿನ ಪದ್ಧತಿ ಎಂದು ಮಗಳು ನನಗೆ ಹೇಳಿದಳು, ನಾನು ಇವರಿಗೆ ದಾಟಿಸಿದೆ. ನಮ್ಮ ಕಡೆ ಡ್ರೈವರ್ ಯಾರಿಗಾದರೂ ಬೆರಳು ತೋರಿಸಿ ಕೂಗಿದರೆ ಅದರ ಅರ್ಥವೇ ಬೇರೆ.

ಊರಿನ ರಸ್ತೆಯಲ್ಲಿ ಒಂದು ಹಾರನ್ ಇಲ್ಲ. ಪಾಲಕೋಡ್ ಮಾರುಕಟ್ಟೆಯಲ್ಲಿ ಟೊಮೆಟೊ ಕ್ರೇಟು ತುಂಬಿದ ಟೆಂಪೋಗಳ ನಡುವೆ ಬಸ್ಸು ತೂರಿಸಿದವರಿಗೆ ಈ ನಿಶ್ಶಬ್ದ ಸಹಿಸಲಾಗಲಿಲ್ಲ. ಮೂರು ಗಾಡಿ ಒಂದರ ಹಿಂದೊಂದು ಸುಮ್ಮನೆ ನಿಂತಿದ್ದು ನೋಡಿ, "ಇಲ್ಲಿ ಒಬ್ರಿಗೊಬ್ರು ಮಾತು ಬಿಟ್ಟವ್ರಾ?" ಎಂದು ನನ್ನನ್ನು ಕೇಳಿದರು. ನಾನು ಅವರ ಮುಖ ನೋಡಿದೆ. ಅವರಿಗೇ ಏನೋ ಹೊಳೆದು, ಬಗ್ಗಿ ಹೊಸ ಚಪ್ಪಲಿಯ ಧೂಳು ಕೊಡವಿದರು.

ಹಗಲಿನ ಮನೆ

ಸುಮತಿ ಕೆಲಸ ಮಾಡುವುದು ವಯಸ್ಸಾದವರ ಹಗಲಿನ ಮನೆಯಲ್ಲಿ. ಬೆಳಗ್ಗೆ ವ್ಯಾನು ಅವರನ್ನೆಲ್ಲ ಕರೆತರುತ್ತದೆ. ಬಿಪಿ ನೋಡಿ, ಸ್ನಾನ ಮಾಡಿಸಿ, ಕೈಕಾಲು ಆಡಿಸಿ, ಊಟ ಹಾಕಿ, ಸಂಜೆ ಮನೆಗೆ ಬಿಡುತ್ತಾರೆ. ನಮ್ಮನ್ನು ನೋಡಬೇಕೆಂದು ಅಲ್ಲಿನವರೇ ಕರೆಸಿದ್ದರು. ಬಾಗಿಲಿಗೊಂದು ಚಪ್ಪಲಿ, ಒಳಗೊಂದು ಚಪ್ಪಲಿ, ಬಾತ್‌ರೂಮಿಗೆ ಮತ್ತೊಂದು ಚಪ್ಪಲಿ. ಇವರು ಬಾತ್‌ರೂಮಿನ ಚಪ್ಪಲಿಯಲ್ಲೇ ನಡುಮನೆಗೆ ಬಂದು ಎಲ್ಲರಿಗೂ ಕೈಮುಗಿದರು. ಯಾರೂ ನಗಲಿಲ್ಲ. ಒಬ್ಬ ತಾತ ಮಾತ್ರ ಆ ಚಪ್ಪಲಿಗೇ ಪ್ರತಿನಮಸ್ಕಾರ ಮಾಡಿದ ಹಾಗೆ ನನಗೆ ಕಂಡಿತು.

ನಡುಮನೆಯ ಮೂಲೆಯಲ್ಲಿ ಬೀರುವಿನಷ್ಟು ದೊಡ್ಡ ಒಂದು ಯಂತ್ರವಿತ್ತು. ಮುಚ್ಚಿಹೋದ ಒಂದು ಆಟದಂಗಡಿಯವರು ಕೊಟ್ಟದ್ದಂತೆ. ಅದು ರೈಲು ಓಡಿಸುವ ವಿಡಿಯೋ ಗೇಮು. ಎದುರಿಗೆ ಕಿಟಕಿಯಷ್ಟಗಲದ ಪರದೆ, ಎಡಗೈಗೆ ವೇಗದ ಹಿಡಿ, ಬಲಗೈಗೆ ಬ್ರೇಕಿನ ಹಿಡಿ, ಕಾಲಿಗೆ ಹಾರನ್ನು. ಮುದುಕರ ಕೈಗೂ ತಲೆಗೂ ವ್ಯಾಯಾಮವಾಗಲಿ ಎಂದು ಇಟ್ಟಿದ್ದರು.

ಅದರ ಮಹಾರಾಣಿ ಸಾತೋ ಅಜ್ಜಿ. ವಾಕರ್ ಹಿಡಿದು ನಡೆಯುವ, ಕೊಕ್ಕರೆಯಂಥ ಮುದುಕಿ. ಆಕೆ ಓಡಿಸಿ ತೋರಿಸಿದರು. ಸಿಗ್ನಲ್ಲಿಗೆಲ್ಲ ಬೆರಳು ತೋರಿಸಿ, ಬಾಯಲ್ಲಿ ಮಂತ್ರದಂತೆ ಹೇಳಿ, ಸ್ಟೇಷನ್ನಿನಲ್ಲಿ ಗುರುತಿನ ಮೇಲೆ ಕೂದಲೆಳೆಯೂ ಆಚೆ ಹೋಗದಂತೆ ನಿಲ್ಲಿಸಿ, ಪರದೆಯೊಳಗಿನ ಪ್ಲಾಟ್‌ಫಾರಂಗೆ ತಲೆಬಾಗಿದರು. ಜೀವನದಲ್ಲಿ ಸೈಕಲ್ಲು ಕೂಡ ಓಡಿಸಿದವರಲ್ಲವಂತೆ.

ನಮ್ಮವರಿಗೆ ಗೊತ್ತಿದ್ದ ವಿಡಿಯೋ ಗೇಮು ಒಂದೇ. ಹಳೆಯ ಫೋನಿನಲ್ಲಿ ಹಾವು ಚುಕ್ಕೆ ತಿಂದು ಬೆಳೆಯುವುದು. ಪಾಲಕೋಡ್ ಬಸ್ ನಿಲ್ದಾಣದಲ್ಲಿ ಒಮ್ಮೆ ಹಾವು ತುಂಬಾ ಉದ್ದವಾಗಿದ್ದರಿಂದ ಬಸ್ಸು ತಡವಾಗಿ ಹೊರಟಿತ್ತು. ಈ ಪರದೆಯ ಮುಂದೆ ಕೂತಾಗ ಅವರ ಮುಖ ನೋಡಬೇಕಿತ್ತು. ಹಳಿಗಳು ತಮ್ಮ ಕಡೆಗೇ ಓಡಿಬರುತ್ತಿವೆ, ಸೀಟು ನಡುಗುತ್ತಿದೆ, ಮಳೆ ಬಂದರೆ ಗಾಜಿನ ಮೇಲೆ ಹನಿ ಜಾರುತ್ತದೆ, ವೈಪರ್ ಒರೆಸುತ್ತದೆ. ಅವರು ಕೈ ಚಾಚಿ ಆ ಹನಿಯನ್ನು ಮುಟ್ಟಿ, ಬೆರಳು ಒದ್ದೆಯಾಗಿದೆಯೇ ಎಂದು ನೋಡಿಕೊಂಡರು. ಸುರಂಗ ಬಂದಾಗ ತಲೆ ತಗ್ಗಿಸಿದರು.

ಆದರೆ ಅದಕ್ಕೂ ಮೊದಲು ರೈಲು ಹೊರಡಲೇ ಇಲ್ಲ. ಹಿಡಿ ಹಿಡಿದು ಸುಮ್ಮನೆ ಕೂತಿದ್ದರು. ಎಲ್ಲರೂ ಕಾಯುತ್ತಿದ್ದಾರೆ. ಆಮೇಲೆ ನನಗೆ ಅರ್ಥವಾಯಿತು. ಕಂಡಕ್ಟರ್ ಹೇಳದೆ ಇವರು ಜನ್ಮದಲ್ಲಿ ಗಾಡಿ ಎತ್ತಿದವರಲ್ಲ. ನಾನು ಹಿಂದಿನಿಂದ, ನಮ್ಮ ಕಡೆಯ ಕಂಡಕ್ಟರುಗಳು ಹೋಗೋಣ ಎನ್ನಲು ತಮಿಳಿನಲ್ಲಿ ಕೂಗುವ ಹಾಗೆ, "ಪೋಲಾಂ, ರೈಟ್" ಅಂದೆ. ರೈಲು ಹೊರಟಿತು. ಆ ದಿನದಿಂದ ಅಲ್ಲಿನ ಮುದುಕರೆಲ್ಲ ಇವರನ್ನು ಕಂಡರೆ "ಪೋರಾಮು, ರೈಟೋ" ಎನ್ನತೊಡಗಿದರು.

ಮೊದಲ ಸ್ಟೇಷನ್ನಿಗೇ ರೈಲು ಪ್ಲಾಟ್‌ಫಾರಂ ದಾಟಿ ಓಡಿತು. ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕುತ್ತಿತ್ತು, ಬಲಗಾಲು ಹಾರನ್ನಿನಿಂದ ಮೇಲೇಳಲಿಲ್ಲ. ಪರದೆಯ ಮೇಲೆ ಟೋಪಿ ಹಾಕಿದ ಗೊಂಬೆಯೊಂದು ಬಂದು, ಬಗ್ಗಿ ಕ್ಷಮೆ ಕೇಳಿ, ಆಟ ಮುಗಿಸಿತು. "ಸಸ್ಪೆಂಡ್ ಮಾಡ್ಬುಟ್ಟ" ಅಂದರು ಇವರು. ಸರ್ವಿಸಿನಲ್ಲಿ ಒಂದು ಮೆಮೊ ಕೂಡ ತಿನ್ನದ ಮನುಷ್ಯ.

ಮರುದಿನ, ಅದರ ಮರುದಿನ

ಜಪಾನಿನಲ್ಲಿ ನೋಡಬೇಕಾದ ಕೋಟೆ, ತೋಟ, ದೇವಾಲಯ ಎಲ್ಲವನ್ನೂ ಸುಮತಿ ಯೋಚಿಸಿಟ್ಟಿದ್ದಳು. ಇವರು ಬೆಳಗಾದರೆ ಹಗಲಿನ ಮನೆಯ ವ್ಯಾನು ಹತ್ತಿ ಮುದುಕರ ಸಾಲಿನಲ್ಲಿ ಕೂತುಬಿಡುತ್ತಿದ್ದರು. ದಿನಾ ಗೊಂಬೆ ಬಂದು ಸಸ್ಪೆಂಡ್ ಮಾಡುತ್ತಿತ್ತು.

ತೊಂದರೆ ಏನೆಂದರೆ, ಪರದೆಯ ಕೆಳಗೆ ಸಣ್ಣದಾಗಿ ನಾಲ್ಕು ಅಂಕಿಗಳು ಓಡುತ್ತವೆ. ಗಂಟೆ, ವೇಗ, ವೇಗದ ಮಿತಿ, ಸ್ಟೇಷನ್ನಿಗೆ ಮೀಟರಿನಲ್ಲಿ ಉಳಿದ ದೂರ. ಹೆಸರೆಲ್ಲ ಜಪಾನೀ ಅಕ್ಷರದಲ್ಲಿ. ಕನ್ನಡಕವಿಲ್ಲದ ಇವರಿಗೆ ಅದು ಕಾಣದು. ಹೊಸದು ಮಾಡಿಸೋಣ ಎಂದು ಮಗಳು ಹೇಳಿ ಕಳುಹಿಸಿದರೆ ಬೇಡ ಎಂದು ಹೇಳಿ ಕಳುಹಿಸಿದರು. ನಾನು ಓದಿ ಹೇಳುತ್ತೇನೆ ಅಂದೆ. ಗಂಟೆಯನ್ನೇ ದೂರವೆಂದು ಓದಿ, ಸ್ಟೇಷನ್ನು ಇನ್ನೂ ಬಹಳ ಇದೆ ಎಂದು ಭರವಸೆ ಕೊಟ್ಟು, ಒಮ್ಮೆ ಇಡೀ ಸ್ಟೇಷನ್ನನ್ನೇ ದಾಟಿಸಿದೆ.

ಅದಾದ ಮೇಲೆ ಸುಮತಿ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದು ನನ್ನ ಪಕ್ಕ ನಿಂತಳು. ಅವಳು ಓದುತ್ತಾಳೆ, ನಾನು ಹೇಳುತ್ತೇನೆ, ಇವರು ಬ್ರೇಕ್ ಹಾಕುತ್ತಾರೆ. "ಮುನ್ನೂರೈತಮ್ಮ" ಅನ್ನುತ್ತಾಳೆ. ಇವರ ಕಿವಿ ಅವಳ ಬಾಯಿಂದ ಒಂದು ಮೊಳ ದೂರದಲ್ಲಿದೆ. ಆದರೂ ನನಗಾಗಿ ಕಾಯುತ್ತಾರೆ. ನಾನು ಮುನ್ನೂರಂತೆ ಎನ್ನುವ ಹೊತ್ತಿಗೆ ಇನ್ನೂರಾಗಿರುತ್ತದೆ. ಬ್ರೇಕ್ ಬೀಳುವ ಹೊತ್ತಿಗೆ ಪ್ಲಾಟ್‌ಫಾರಂ ಹಿಂದೆ ಬಿದ್ದಿರುತ್ತದೆ. ಗೊಂಬೆ ಬಂದು ಬಗ್ಗುತ್ತದೆ.

ಸಾತೋ ಅಜ್ಜಿಗೆ ನಮ್ಮ ಪದ್ಧತಿ ಅರ್ಥವಾಗಲಿಲ್ಲ. ನಿಮ್ಮ ಊರಿನಲ್ಲಿ ಬಸ್ಸನ್ನು ಮೂವರು ಸೇರಿ ಓಡಿಸುತ್ತಾರೆಯೇ ಎಂದು ಕೇಳಿದರಂತೆ. ಟೀ ಹೊತ್ತಿನಲ್ಲಿ ಆಕೆ ತಮ್ಮ ಮೊದಲ ವಿಡಿಯೋ ಗೇಮಿನ ಕಥೆ ಹೇಳಿದರು, ಸುಮತಿ ನನಗೆ ಕನ್ನಡದಲ್ಲಿ ತಿಳಿಸಿದಳು. ಮದುವೆಯಾದ ಹೊಸತಂತೆ. ಮೂಲಂಗಿ ತರಲು ಹೋದವರು ಒಂದು ಕಾಫಿ ಅಂಗಡಿಯಲ್ಲಿ, ಮೇಜಿನ ಗಾಜಿನೊಳಗೆ ಹೊಳೆಯುವ ಹುಳುಗಳು ಸಾಲುಸಾಲಾಗಿ ಇಳಿದು ಬರುವುದನ್ನು ಕಂಡರು. ಅವನ್ನೆಲ್ಲ ತಾನೊಬ್ಬಳೇ ತಡೆಯದಿದ್ದರೆ ಊರೇ ಹೋಗುತ್ತದೆ ಅನ್ನಿಸಿತಂತೆ. ಅಡಿಗೆಗೆ ಕಾದು ಕಾದು ಸಿಟ್ಟಾಗಿ ಹುಡುಕಿಕೊಂಡು ಬಂದ ಗಂಡ, ಬೈಯಲು ಬಾಯಿ ತೆರೆದವನು, ಮೇಜಿನ ಆಚೆ ಬದಿಗೆ ಕೂತನಂತೆ. ಅಂದು ಮನೆಯಲ್ಲಿ ಇಬ್ಬರಿಗೂ ಊಟವಿಲ್ಲ. ಹೇಳುತ್ತಾ ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ಹುಡುಗಿಯ ಹಾಗೆ ನಕ್ಕರು.

ಬೆಟ್ಟದ ದಾರಿ

ಹೊರಡುವ ಹಿಂದಿನ ದಿನ ಅಜ್ಜಿ ಯಂತ್ರದಲ್ಲಿ ಬೇರೆ ದಾರಿಯೊಂದನ್ನು ಹಾಕಿಕೊಟ್ಟರು. ಬೆಟ್ಟದ ದಾರಿ, ಮಳೆಗಾಲ. ಅದು ತಮಗೂ ಬಗ್ಗಿಲ್ಲ, ಘಾಟಿ ಓಡಿಸಿದವರು ನೋಡಲಿ ಅಂದರು. ಇವರು ಪರದೆ ನೋಡಿ ಪಂಚೆ ಸರಿಮಾಡಿಕೊಂಡು ನೆಟ್ಟಗೆ ಕೂತರು. "ಇದು ನಮ್ ತೊಪ್ಪೂರೇ" ಅಂದರು.

ಅಂದು ಅವರು ಓಡಿಸಿದ ರೀತಿಯೇ ಬೇರೆ. ಹಾರನ್ ಇಲ್ಲ. ತಿರುವಿಗೆ ಮುಂಚೆಯೇ ವೇಗ ಇಳಿಸುತ್ತಾರೆ. ಇಳಿಜಾರಿನಲ್ಲಿ ಬ್ರೇಕನ್ನು ಒಮ್ಮೆಗೇ ಒತ್ತದೆ ಚೂರುಚೂರೇ ಬಿಟ್ಟು ಹಿಡಿಯುತ್ತಾರೆ. ಎರಡು ಸ್ಟೇಷನ್ನುಗಳಲ್ಲಿ ಹೇಗೋ ಹೆಚ್ಚುಕಡಿಮೆ ನಿಲ್ಲಿಸಿದರು. ಊಟ ಆರುತ್ತಿದ್ದರೂ ಮುದುಕರು ಕುರ್ಚಿ ಎಳೆದುಕೊಂಡು ಸುತ್ತ ಕೂತರು. ಅವರಲ್ಲಿ ಚಪ್ಪಲಿ ತಾತ ನನಗೊಂದು ಮಿಠಾಯಿ ಕೊಟ್ಟ. ಬೇಡ ಅನ್ನಬಾರದೆಂದು ಬಾಯಿಗೆ ಹಾಕಿಕೊಂಡೆ.

ಕೊನೆಯ ಸ್ಟೇಷನ್ನು ಇಳಿಜಾರಿನ ಬುಡದಲ್ಲಿ, ತಿರುವಿನ ಆಚೆ. ಅದನ್ನು ಮುಟ್ಟಿದರೆ ಆ ದಾರಿ ಗೆದ್ದ ಹಾಗೆ. ಮಳೆ ಗಾಜು ತುಂಬ. ಸುಮತಿ "ನಾನೂರೈತಮ್ಮ" ಅಂದಳು. ನಾನು ಬಾಯಿ ತೆರೆಯಲು ಹೋದೆ. ತೆರೆಯಲಿಲ್ಲ. ಆ ಮಿಠಾಯಿ ಹಲಸಿನ ಮೇಣದ ಹಾಗೆ ಮೇಲಿನ ಹಲ್ಲು ಕೆಳಗಿನ ಹಲ್ಲು ಎರಡನ್ನೂ ಹಿಡಿದುಬಿಟ್ಟಿತ್ತು. ಇವರು ನನ್ನತ್ತ ತಿರುಗಿದರು. ನಾನು ಮೂಗಿನಲ್ಲಿ ಏನೋ ಅಂದೆ. ರೈಲು ಇಳಿಯುತ್ತಿದೆ. ಮತ್ತೆ ಪರದೆ ನೋಡಿದರು, ಮತ್ತೆ ನನ್ನನ್ನು ನೋಡಿದರು. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು.

"ಪಾಪಾ, ಎಷ್ಟೈತೆ?"

ಪಾಪ ಎಂದು ಅವಳನ್ನು ಕರೆದು ನಾಲ್ಕು ವರ್ಷವಾಗಿತ್ತು. ಸುಮತಿಯ ಮುಖ ನಾನು ನೋಡಿದೆ. ಒಂದು ಗಳಿಗೆ ಅಂಕಿ ಓದುವುದನ್ನೇ ಮರೆತಿದ್ದಳು.

"ನೂರೈವತ್ತೈತೆ ಅಪ್ಪ," ಅಂದಳು.

"ಈಗ?"

"ನೂರು. ಇನ್ನೊಂಚೂರು ಆಕಿ. ಮೆದುವಾ ಅಪ್ಪ, ಮೆದುವಾ. ಇಪ್ಪತ್ತು. ಬಿಡ್ಬೇಡಿ."

ರೈಲು ನಿಂತಿತು. ಗುರುತಿನ ಮೇಲೆಯೇ ನಿಂತಿತು. ಸಾತೋ ಅಜ್ಜಿ ವಾಕರ್ ಬಿಟ್ಟು ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದರು. ಇವರಿಗೆ ಅದ್ಯಾವುದೂ ಬೇಕಿರಲಿಲ್ಲ. ಸೀಟಿನಲ್ಲೇ ಅವಳ ಕಡೆ ತಿರುಗಿದರು.

"ಮೊದ್ಲೇ ಇಂಗೆ ಯೋಳಿದ್ರೆ ಆವತ್ತೇ ನಿಲ್ಲಿಸ್ತಿದ್ದೆ."

"ದಿನಾ ಯೋಳ್ತಾನೇ ಇದ್ದೆ. ನೀವು ಅಮ್ಮನ ಬಾಯಿ ನೋಡ್ತಿದ್ರಿ."

"ನೀನು ಅವಳ್ಗೆ ಯೋಳಿದ್ದು. ನಂಗಲ್ಲ."

"ನೀವೇ ತಾನೆ ಮಾತಾಡ್ಬೇಡ ಅಂದಿದ್ದು?"

"ಅಂದೆ. ಅಂದ್ರೆ ನಿಜವಾಗ್ಲೂ ಬಿಟ್ಬುಡೋದಾ?"

ಅಲ್ಲಿಂದ ಮುಂದೆ ಅದು ರೈಲಿನ ಮಾತಾಗಿ ಉಳಿಯಲಿಲ್ಲ. ಅಪ್ಪನ ಕಣ್ಣಿನ ಆಪರೇಷನ್ ಸುದ್ದಿಯನ್ನು ಅದೆಲ್ಲ ಮುಗಿದ ಮೇಲಷ್ಟೇ ತನಗೆ ತಿಳಿಸಿದ್ದೇಕೆ ಎಂದು ಅವಳು ಕೇಳಿದಳು. ಮೊದಲ ಚಳಿಗಾಲದಲ್ಲಿ ಜ್ವರ ಬಂದು ಮಲಗಿದ್ದನ್ನು ಯಾಕೆ ಮುಚ್ಚಿಟ್ಟೆ ಎಂದು ಇವರು ಕೇಳಿದರು. ಕನ್ನಡದಲ್ಲಿ ಶುರುವಾದದ್ದು ಏರುತ್ತಾ ಏರುತ್ತಾ ಪೂರಾ ತಮಿಳಾಯಿತು. ಅವಳು ಕಣ್ಣೊರೆಸಿಕೊಂಡಳು, ದನಿ ಇಳಿಸಲಿಲ್ಲ. ಇವರ ದನಿಯೂ ಇಳಿಯಲಿಲ್ಲ, ಒಡೆಯಿತು. ಹಿಂದೆ ಪರದೆಯಲ್ಲಿ ಪ್ರಯಾಣಿಕರು ಹತ್ತಿ ಕೂತು, ಕಾದು, ಹೊತ್ತು ಮೀರಿ, ಗೊಂಬೆ ಬಂದು ಬಗ್ಗಿ ಕ್ಷಮೆ ಕೇಳಿ ಹೋಯಿತು. ಇಬ್ಬರೂ ನೋಡಲಿಲ್ಲ.

ಸಾತೋ ಅಜ್ಜಿ ಏನಾಗುತ್ತಿದೆ ಎಂದು ಕಣ್ಣಲ್ಲೇ ನನ್ನನ್ನು ಕೇಳಿದರು. ನನ್ನ ಬಾಯಿ ಇನ್ನೂ ಬಿಟ್ಟಿರಲಿಲ್ಲ, ಬಿಟ್ಟಿದ್ದರೂ ಭಾಷೆ ಇರಲಿಲ್ಲ. ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ಜೊತೆಗೆ ನಗುವೂ. ಆಕೆ ನೋಡಿದರು, ತಲೆಯಾಡಿಸಿದರು, ಉಳಿದವರನ್ನೆಲ್ಲ ಕೈ ಬೀಸಿ ಊಟಕ್ಕೆ ಎಬ್ಬಿಸಿದರು. ನನ್ನ ಮುಂದೆ ಒಂದು ಬಿಸಿ ಟೀ ಇಟ್ಟರು. ಅದರಿಂದಲೇ ಮಿಠಾಯಿ ಕರಗಿದ್ದು.

ವಾಪಸ್ಸು

ಮರುದಿನ ವಿಮಾನ ನಿಲ್ದಾಣಕ್ಕೆ ರೈಲಿನಲ್ಲಿ ಹೊರಟೆವು. ಹಿಂದಿನ ಬೋಗಿ ಖಾಲಿ ಇತ್ತೆಂದು ಸಾಮಾನು ಅಲ್ಲಿ ಏರಿಸಿದೆವು. ಇವರಿಗೆ ಡ್ರೈವರನ್ನು ನೋಡಬೇಕು. ಮಗಳಿಗೆ ಡ್ರೈವರ್ ಏನೇನು ಹೇಳುತ್ತಾನೆಂದು ಅಪ್ಪನಿಗೆ ವಿವರಿಸಬೇಕು. ಈಗ ಬರುತ್ತೇವೆ ಎಂದು ಇಬ್ಬರೂ ಮುಂದೆ ಹೋದರು. ಹೋಗುವಾಗಲೇ ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು. ಕೇಳುವವರು ಯಾರೆಂದು ತಿಳಿಯಲಿಲ್ಲ.

ನಾನು ಕಿಟಕಿ ಪಕ್ಕ ಕೂತು ಗದ್ದೆ, ಈರುಳ್ಳಿ ಹೊಲ ನೋಡುತ್ತಿದ್ದೆ. ಒಂದು ಸ್ಟೇಷನ್ನಿನಲ್ಲಿ ರೈಲು ತುಸು ಹೆಚ್ಚು ಹೊತ್ತು ನಿಂತಿತು, ಏನೋ ಘೋಷಣೆಯಾಯಿತು, ಮತ್ತೆ ಹೊರಟಿತು. ಬಹಳ ಹೊತ್ತಾದರೂ ಸಮುದ್ರ ಬರಲಿಲ್ಲ. ನಾವು ಬಂದ ದಿನ ಸಮುದ್ರದ ಮೇಲಿನ ಸೇತುವೆ ದಾಟಿದ್ದು ನೆನಪಿತ್ತು. ಎದುರಿನ ಹೆಂಗಸಿಗೆ ಕೈಗಳನ್ನು ವಿಮಾನ ಮಾಡಿ ತೋರಿಸಿದೆ. ಆಕೆಯ ಮುಖ ಬಿಳುಪಾಯಿತು. ಎರಡು ಕೈ ಜೋಡಿಸಿ ಬೇರೆ ಮಾಡಿ ತೋರಿಸಿದರು. ಒಂದು ಕೈ ಆ ಕಡೆ, ಒಂದು ಕೈ ಈ ಕಡೆ. ಈ ರೈಲು ನಡುದಾರಿಯಲ್ಲಿ ಎರಡು ತುಂಡಾಗುತ್ತದೆ. ಮುಂದಿನ ತುಂಡು ವಿಮಾನ ನಿಲ್ದಾಣಕ್ಕೆ, ಹಿಂದಿನದು ಬೇರೆಲ್ಲಿಗೋ. ನಾನು ಎಲ್ಲ ಪೆಟ್ಟಿಗೆಗಳೊಡನೆ, ಎರಡು ಪಾಸ್‌ಪೋರ್ಟುಗಳೊಡನೆ ಬೇರೆಲ್ಲಿಗೋ ಹೋಗುತ್ತಿದ್ದೆ.

ಆ ತಾಯಿಯೇ ಮುಂದಿನ ಸ್ಟೇಷನ್ನಿನಲ್ಲಿ ನನ್ನನ್ನು ಇಳಿಸಿ, ಪೆಟ್ಟಿಗೆಗಳನ್ನು ಎಳೆದು ಕೊಟ್ಟು, ರೈಲಿನ ಬಾಗಿಲು ಮುಚ್ಚುವವರೆಗೂ ಬಗ್ಗುತ್ತಾ ಹೋದರು. ಸಣ್ಣ ಸ್ಟೇಷನ್ನು. ಒಂದು ನರಪಿಳ್ಳೆ ಇಲ್ಲ. ಮೊದಲು ಪೆಟ್ಟಿಗೆಗಳನ್ನು ಎರಡೆರಡು ಸಲ ಎಣಿಸಿದೆ. ಫೋನ್ ಕೂಡ ಮಗಳ ಹತ್ತಿರವೇ ಇತ್ತು. ಆಮೇಲೆ ಪೆಟ್ಟಿಗೆಯ ಮೇಲೆ ಕೂತೆ. ನನ್ನನ್ನು ಮರೆಯುವಷ್ಟು ಅವರಿಗೆ ಮಾತಿದೆಯಲ್ಲ ಎಂದು ಹೊಳೆದಾಗ, ಸಿಟ್ಟಾಗಬೇಕೋ ಬೇಡವೋ ತಿಳಿಯದೆ ಸುಮ್ಮನೆ ಬಿಸಿಲು ಕಾಯಿಸಿದೆ.

ಬೇರೆ ರೈಲು ಹಿಡಿದು ನನ್ನನ್ನು ಹುಡುಕುತ್ತಾ ಒಂದು ಸ್ಟೇಷನ್ ಮುಂದೆ ಹೋಗಿ, ಅಲ್ಲಿಂದ ವಾಪಸ್ ಬಂದ ಇಬ್ಬರೂ ಎದುರು ಪ್ಲಾಟ್‌ಫಾರಮ್ಮಿನಿಂದ ಮೆಟ್ಟಿಲು ಹತ್ತಿ ಇಳಿದು ಓಡಿಬಂದರು. ಇವರ ಪಂಚೆ ಮೊಣಕಾಲ ಮೇಲಿತ್ತು. ಬರುತ್ತಲೇ ಉಸಿರು ಬಿಡುತ್ತಾ, ರೈಲು ಎರಡಾಗುತ್ತದೆ ಎಂದು ಅವಳು ತನಗೆ ಹೇಳಲೇ ಇಲ್ಲ, ಯಾಕೆ ಹೇಳಲಿಲ್ಲ ಕೇಳು ಅಂದರು. ಸುಮತಿ, ತಾನು ಹೇಳಿದ್ದೆ, ಅಪ್ಪ ಡ್ರೈವರನ ಕೈಯನ್ನೇ ನೋಡುತ್ತಿದ್ದರು, ಬೇಕಿದ್ದರೆ ಕೇಳಮ್ಮ ಅವರನ್ನ ಅಂದಳು.

ನಾನು ಎದ್ದು, ಒಂದು ಪೆಟ್ಟಿಗೆಯನ್ನು ಇವರ ಕೈಗೆ, ಒಂದನ್ನು ಅವಳ ಕೈಗೆ ಕೊಟ್ಟೆ.

"ನೀವೇ ಕೇಳ್ಕೊಳ್ಳಿ," ಎಂದು ಮುಂದೆ ನಡೆದೆ.